ಸೀಟಿ ಊದುವ ಅಳಿಯ

ವಿಲಾಯತಿಗೆ ಹೋಗಿ ಬಂದೆನೆಂದು ಗೊತ್ತಾದ ಮೇಲೆ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿಯೂ ನನ್ನನ್ನು ನಿಲ್ಲಿಸಿ ಕೇಳುವವರಿದ್ದಾರೆ: "ರಾಣಿ ಅರಮನಿ ನೋಡಿದ್ಯೇನವಾ?" ನೋಡಲಿಲ್ಲ. ಲಂಡನ್ನಿನಲ್ಲಿ ನಾನು ನೋಡಿದ್ದು ಒಂದು ವಿಮಾನ ನಿಲ್ದಾಣ, ಒಂದು ರೈಲು ನಿಲ್ದಾಣ, ಎರಡೂ ಮಂಜಿನಲ್ಲಿದ್ದವು. ಮೂರು ತಿಂಗಳಲ್ಲಿ ನಾನು ಸರಿಯಾಗಿ ನೋಡಿದ್ದೆಂದರೆ ಉತ್ತರ ಇಂಗ್ಲೆಂಡಿನ ಗಿರಣಿ ಊರಿನ ಒಂದು ಓಣಿ, ಆ ಓಣಿಯ ಒಂದು ಅಡುಗೆಮನೆ, ಒಂದು ಮಧ್ಯಾಹ್ನದ ಮಟ್ಟಿಗೆ ಒಂದು ಫುಟ್‌ಬಾಲ್ ಮೈದಾನ. ಅಷ್ಟನ್ನೇ ಬರೆಯುತ್ತೇನೆ. ಅರಮನೆಯ ಬಗ್ಗೆ ಬೇರೆಯವರು ಬರೆದಿದ್ದಾರೆ.

ಅಂಟಿನುಂಡಿ

ನಾನು ಹೋದದ್ದು ಅಕ್ಕನ ಬಾಣಂತನಕ್ಕೆ. ಅಕ್ಕನ ಗಂಡ ಮುದ್ದೇಬಿಹಾಳದವರು, ಆ ಗಿರಣಿ ಊರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಅವ್ವನಿಗೆ ಮೊಣಕಾಲು ನೋವು, ಅದಕ್ಕಿಂತ ಹೆಚ್ಚಾಗಿ ವಿಮಾನದ ಹೆದರಿಕೆ. ನಾನು ಆಗ ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸದ ಪತ್ರ ಬರುವುದನ್ನು ಕಾಯುತ್ತ ಗೊಳಸಂಗಿಯ ನಮ್ಮ ಮನೆಯಲ್ಲಿ ಕೂತಿದ್ದೆ. ಸಂಖ್ಯಾಶಾಸ್ತ್ರಕ್ಕೂ ಬಾಣಂತನಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷ್ ಬರುತ್ತದಲ್ಲ, ಅಷ್ಟು ಸಾಕಾಯಿತು.

ಅವ್ವ ಒಂದು ಡಬ್ಬಿಯ ತುಂಬ ಅಂಟಿನುಂಡಿ ಕಟ್ಟಿ ಕೊಟ್ಟಿದ್ದಳು. ಜೊತೆಗೆ ಇಂಡಿ ತಾಲೂಕಿನ ಲಿಂಬಿಕಾಯಿ ಉಪ್ಪಿನಕಾಯಿ. ಕಸ್ಟಮ್ಸ್ ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು, ಇದರಲ್ಲಿ ಏನೇನಿದೆ ಎಂದು ಕೇಳಿದ. ನನಗೆ ಯಾವಾಗಲೂ ಇದ್ದದ್ದನ್ನು ಇದ್ದ ಹಾಗೆ ಹೇಳುವ ಚಟ. ಬೆಲ್ಲ, ಕೊಬ್ಬರಿ, ಗೋಂದು ಎಂದೆ.

"ಗೋಂದು? ಕಾಗದಕ್ಕೆ ಹಚ್ಚುವುದು?"

"ಇದು ತಿನ್ನುವುದು. ಹೆತ್ತ ಹೆಂಗಸರು ತಿನ್ನುತ್ತಾರೆ."

ಅವನು ನನ್ನನ್ನೊಮ್ಮೆ ನೋಡಿದ. "ನಾನಲ್ಲ, ಅಕ್ಕ" ಎಂದು ಅವಸರದಲ್ಲಿ ಹೇಳಿ, "ಅವಳೂ ಇನ್ನೂ ಹೆತ್ತಿಲ್ಲ" ಎಂದು ಸೇರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿ ನೋಡಿದರು. ಎರಡನೆಯವನು ಚಾಕುವಿನಿಂದ ಒಂದು ಉಂಡಿಯ ಚೂರು ಕೆತ್ತಿ ಬಾಯಿಗೆ ಹಾಕಿಕೊಂಡ; ಮೊದಲನೆಯವನು ಉಳಿದದ್ದನ್ನು ಹಾಕಿಕೊಂಡ. ಗೋಂದಿನ ಗುಣದಿಂದಲೋ ಏನೋ, ಆಮೇಲೆ ಇಬ್ಬರ ಬಾಯಿಂದಲೂ ಮಾತು ಬರಲಿಲ್ಲ. ಕೈಸನ್ನೆ ಮಾಡಿ ನನ್ನನ್ನು ಕಳಿಸಿಬಿಟ್ಟರು.

ಬಸ್ಸಿನಲ್ಲಿ

ಅಕ್ಕನ ಊರಿನಲ್ಲಿ ಮೊದಲ ದಿನ ಬಸ್ಸು ಹತ್ತಿದಾಗ ದಪ್ಪ ಮೀಸೆಯ ಕಂಡಕ್ಟರು ನನಗೆ ಟಿಕೆಟು ಕೊಡುತ್ತ "ಲವ್" ಎಂದ. ನಾನು ತಲೆ ತಗ್ಗಿಸಿ ಮುಂದಿನ ನಿಲ್ದಾಣದಲ್ಲಿಯೇ ಇಳಿದುಬಿಟ್ಟೆ. ಎರಡು ಮೈಲಿ ನಡೆದು ಮನೆ ಮುಟ್ಟಿ ಇದನ್ನು ಹೇಳಿದರೆ, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಲ್ಲಿ ತರಕಾರಿ ಮಾರುವವಳೂ ಹಾಗೇ ಕರೆಯುತ್ತಾಳೆ, ಹಾಲು ಹಾಕುವವನೂ ಹಾಗೇ ಕರೆಯುತ್ತಾನೆ. ನಮ್ಮಲ್ಲಿ "ಯವ್ವಾ" ಅಂದ ಹಾಗೆ.

ಸಿಂದಗಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿ ಬೆಳೆದವಳಿಗೆ ಅವರು ಬಸ್ಸಿಗೆ ಸಾಲು ಹಚ್ಚಿ ನಿಲ್ಲುವುದು ಒಂದು ವಿಚಿತ್ರ. ಆದರೆ ಮಾತಿನಲ್ಲಿ ಅವರು ನಮ್ಮವರೇ. ಲಂಡನ್ನಿನವರಿಗೆ ಈ ಉತ್ತರದವರ ಮಾತು ಒರಟು, ಅವಸರದ್ದು, ಜಗಳಕ್ಕೆ ಬಂದಂಥದ್ದು. ಬೆಂಗಳೂರಿನವರು ನಮ್ಮ ಮಾತಿಗೆ ಹೇಳುವುದೂ ಇದನ್ನೇ. ಹೀಗಾಗಿ ಅವರ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲಿಯೇ ಬರೆಯುತ್ತೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರಿಗೆ ಅನ್ಯಾಯ.

ಚಹಾಕ್ಕೆ ಕರೆದರು

ಅಕ್ಕ ಮತ್ತು ಮಾಮಾ ಮಹಡಿಯ ಮೇಲೆ ಬಾಡಿಗೆಗಿದ್ದರು. ಕೆಳಗೆ ಮನೆಯ ಮಾಲೀಕರು: ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಫ್ರ್ಯಾಂಕ್, ಅವನ ಹೆಂಡತಿ ಎಡ್ನಾ, ಒಬ್ಬಳೇ ಮಗಳು ಜೂನ್. ಜೂನ್ ನನ್ನ ವಾರಿಗೆಯವಳು, ಅಂಚೆ ಕಚೇರಿಯಲ್ಲಿ ಕೆಲಸ.

ಅಕ್ಕನಿಗೆ ಗಂಡು ಹುಟ್ಟಿದ ವಾರದಲ್ಲಿ ಎಡ್ನಾ ಮೆಟ್ಟಿಲ ಕೆಳಗೆ ನಿಂತು ಕೂಗಿದಳು: "ಯವ್ವಾ, ಐದಕ್ಕ ಚಾಕ್ಕ ಬಾ."

ಚಹಾ ತಾನೇ ಎಂದು ನಾನು ನಾಲ್ಕೂವರೆಗೆ ಹೊಟ್ಟೆ ತುಂಬ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಇಳಿದೆ. ಕೆಳಗೆ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಯ ಗುಡ್ಡ, ಬಟಾಣಿ, ಬ್ರೆಡ್ಡು, ಚೀಸು, ನನಗಾಗಿ ಮಾಂಸ ಹಾಕದೆ ಮಾಡಿದ ಒಂದು ದೊಡ್ಡ ಕಡುಬಿನಂಥದ್ದು. ಆ ಕಡೆ ಸಂಜೆಯ ಊಟಕ್ಕೇ "ಚಹಾ" ಎನ್ನುತ್ತಾರೆ. ಇದನ್ನು ಅಕ್ಕ ನನಗೆ ಹೇಳಿರಲಿಲ್ಲ. ಬೇಡವೆನ್ನಲು ಬಾಯಿ ಬರಲಿಲ್ಲ, ಉಂಡೆ. ತಟ್ಟೆ ಖಾಲಿ ಮಾಡಿದ್ದನ್ನು ನೋಡಿ ಎಡ್ನಾ ಮತ್ತೆ ಬಡಿಸಿದಳು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಹಿಡಿದೆ; ಅವಳು ನನ್ನ ಬೆರಳುಗಳನ್ನು ಪ್ರೀತಿಯಿಂದ ಸರಿಸಿ ಆಲೂಗಡ್ಡೆ ಇಟ್ಟಳು. ಅಂದಿನಿಂದ ಪ್ರತಿ ಭಾನುವಾರ ನಾನು ಅವರ ಮೇಜಿನಲ್ಲಿ. ನಡುವೆ ಒಂದೆರಡು ಬುಧವಾರವೂ ಹೌದು.

ಆ ಮೊದಲ ದಿನವೇ ಕೀತ್ ಬಂದ. ಜೂನಳಿಗೆ ಗೊತ್ತಾದ ವರ, ಶಾಲೆಯ ಮಾಸ್ತರ, ತೆಳ್ಳಗೆ, ಮಾತು ಕಡಿಮೆ. ಹೆಗಲ ಚೀಲದಿಂದ ಒಂದು ಥರ್ಮಾಸು ಇಣುಕುತ್ತಿತ್ತು. ಅವನು ಒಳಗೆ ಬಂದ ಕೂಡಲೇ ಫ್ರ್ಯಾಂಕ್ ಎದ್ದು ಹಿತ್ತಿಲಿಗೆ ಹೋದ. ಹೊರಗೆ ಹಿಮ ಬೀಳುತ್ತಿತ್ತು.

"ಯಾಕ?" ಎಂದು ನಾನು ಜೂನಳನ್ನು ಮೆಲ್ಲಗೆ ಕೇಳಿದೆ.

"ಇಂವ ರೆಫ್ರಿ ಅದಾನ" ಎಂದಳು ಜೂನ್, ಬೇರೆಯವರು ಗಂಡ ಕುಡಿಯುತ್ತಾನೆ ಎನ್ನುವ ದನಿಯಲ್ಲಿ.

ಗೆದ್ದವರ ಅಳು

ನಮ್ಮ ಕಡೆ ಸೋತ ಪೈಲವಾನ ಪಂಚನನ್ನು ಬೈಯುತ್ತಾನೆ. ಇದು ತಿಳಿಯುವಂಥ ಮಾತು. ಆದರೆ ಈ ಊರಿನ ಫುಟ್‌ಬಾಲ್ ತಂಡ ಸೋಲುವುದೇ ಅಪರೂಪ. ಹಿಂದಿನ ವರ್ಷ ಅವರೇ ಮೊದಲು, ಅದರ ಹಿಂದಿನ ವರ್ಷವೂ ಅವರೇ. ಹಾಗಿದ್ದೂ ಇಡೀ ಓಣಿ ಒಂದೇ ಮಾತು ಹೇಳುತ್ತಿತ್ತು: ರೆಫ್ರಿಗಳೆಲ್ಲ ನಮ್ಮ ಮೇಲೆ ಹಲ್ಲು ಮಸೆಯುತ್ತಾರೆ.

"ಗೆದ್ದೀರಲ್ರಿ" ಎಂದು ನಾನು ಒಮ್ಮೆ ಫ್ರ್ಯಾಂಕನಿಗೆ ಹೇಳಿ ನೋಡಿದೆ.

"ಅದಕ್ಕ! ಗೆಲ್ಲತೇವಂತನ ಹೊಟ್ಟಿಕಿಚ್ಚು. ನಾವು ಹನ್ನೊಂದ ಮಂದಿ ಕೂಡ ಆಡಾಂಗಿಲ್ಲ ಯವ್ವಾ, ಹನ್ನೆರಡು ಮಂದಿ ಕೂಡ ಆಡ್ತೇವಿ. ಹನ್ನೆರಡನೇದಾಂವ ಕರೇ ಅಂಗಿ ತೊಟ್ಟಿರ್ತಾನ."

ಕರಿಯ ಅಂಗಿ ಎಂದರೆ ರೆಫ್ರಿ. ಉಂಡವನೇ ಹಸಿವೆಂದು ಅಳುವುದನ್ನು ನಾನು ಅಲ್ಲಿ ನೋಡಿದೆ. ಫ್ರ್ಯಾಂಕನ ಹತ್ತಿರ ಒಂದು ಹಳೆಯ ನೋಟುಬುಕ್ಕಿತ್ತು. ತನ್ನ ತಂಡಕ್ಕೆ ಆದ ಅನ್ಯಾಯಗಳನ್ನೆಲ್ಲ ಮೂವತ್ತು ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದಿದ್ದ. ಇಂಥ ಮನೆಗೆ ಸೀಟಿ ಊದುವ ಅಳಿಯ ಬರುವವನಿದ್ದ. ಕೀತ್ ದೊಡ್ಡ ಆಟಗಳಿಗೆ ಹೋಗುತ್ತಿರಲಿಲ್ಲ; ಸುತ್ತಲಿನ ಹಳ್ಳಿಗಳ ಸಣ್ಣ ತಂಡಗಳ ಆಟಕ್ಕೆ ಅವನು ರೆಫ್ರಿ. ಅಷ್ಟಾಗಿದ್ದರೆ ಫ್ರ್ಯಾಂಕ್ ಸೈರಿಸುತ್ತಿದ್ದನೇನೋ. ಆದರೆ ನಾನು ಬರುವ ಮೊದಲು ಯಾರೋ ರೆಫ್ರಿ ಊರ ತಂಡದ ವಿರುದ್ಧ ಒಂದು ಪೆನಾಲ್ಟಿ ಕೊಟ್ಟಾಗ, ಇದೇ ಅಡುಗೆಮನೆಯಲ್ಲಿ ಕೂತು ಕೀತ್ ಹೇಳಿದ್ದ: "ಅದು ಬರೋಬರಿ ಐತಿ." ಅಂದಿನಿಂದ ಮಾತು ಬಂದ್.

ಮದುವೆಗೆ ನಾಲ್ಕು ವಾರ ಉಳಿದಿತ್ತು. ಅವರಲ್ಲಿ ತಂದೆ ಮಗಳ ತೋಳು ಹಿಡಿದು, ಚರ್ಚಿನ ಬಾಗಿಲಿನಿಂದ ವರನವರೆಗೆ ನಡೆಸಿಕೊಂಡು ಹೋಗಿ ಒಪ್ಪಿಸಬೇಕು. ನಮ್ಮಲ್ಲಿ ಧಾರೆ ಎರೆದಂತೆ. ಫ್ರ್ಯಾಂಕ್ ನಡೆಯುವುದಿಲ್ಲ ಎಂದುಬಿಟ್ಟಿದ್ದ. ಜೂನ್ ತಂದೆಯ ತೋಳಿಲ್ಲದೆ ಚರ್ಚಿನೊಳಗೆ ಕಾಲಿಡುವುದಿಲ್ಲ ಎಂದುಬಿಟ್ಟಿದ್ದಳು. ಬಿಳಿಯ ಉಡುಪು ಹೊಲಿದು ಬಂದು ಬೀರುವಿನಲ್ಲಿ ತೂಗುತ್ತಿತ್ತು. ಅವಳು ದಿನಾ ಅದರ ಬಾಗಿಲು ತೆಗೆದು ನೋಡಿ ಮುಚ್ಚುತ್ತಿದ್ದಳು.

ಒಂದು ಭಾನುವಾರ ಎಡ್ನಾಳ ಒತ್ತಾಯಕ್ಕೆ ಇಬ್ಬರೂ ಗಂಡಸರು ಒಂದೇ ಮೇಜಿಗೆ ಕೂತರು. ಸೂಪು ಮುಗಿಯುವುದರೊಳಗೆ ಹತ್ತಿಕೊಂಡಿತು.

"ರೆಫ್ರಿಗಳು ನೋಡಿದ್ದನ್ನ ಊದ್ತಾರ" ಎಂದ ಕೀತ್.

"ಹೌದು, ಒಂದ ಕಣ್ಣಿಲೆ ನೋಡತಾರ."

"ಲೆಕ್ಕ ಹಿಡದು ನೋಡ್ರಿ ಬೇಕಾರ."

"ಹಿಡದೇನಲ್ಲ, ಮೂವತ್ತು ವರ್ಷ!"

"ನಿಮ್ಮ ಲೆಕ್ಕ ಅಲ್ರಿ. ಯಾರ ಕಡಿಗೂ ಇಲ್ಲದಾವರ ಲೆಕ್ಕ."

ಆಗ ಆ ಮೇಜಿನ ನಾಲ್ಕು ಜೊತೆ ಕಣ್ಣುಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ನನ್ನ ಬಾಯಲ್ಲಿ ಆಲೂಗಡ್ಡೆ ಇತ್ತು.

ಕರಾರು ಅಲ್ಲಿಯೇ ಆಯಿತು. ಮುಂದಿನ ಶನಿವಾರದ ಆಟಕ್ಕೆ ನಾನು ಲೆಕ್ಕ ಹಿಡಿಯಬೇಕು. ಸೀಟಿ ಎರಡೂ ಕಡೆಗೆ ಸರಿಸಮ ಬಿದ್ದರೆ ಫ್ರ್ಯಾಂಕ್ ಮಗಳನ್ನು ಚರ್ಚಿನಲ್ಲಿ ನಡೆಸುತ್ತಾನೆ. ಓರೆ ಬಿದ್ದರೆ ಕೀತ್ ಸೀಟಿ ಊದುವುದನ್ನೇ ಬಿಡಬೇಕು, ಆಮೇಲೆಯೇ ಫ್ರ್ಯಾಂಕ್ ನಡೆಯುವುದು. ಒಂದೇ ಆಟದ ಲೆಕ್ಕದಿಂದ ಏನನ್ನೂ ಸಾಬೀತುಪಡಿಸಲಾಗದು ಎಂದು ನಾನು ಹೇಳಿದೆ. ಅದು ನನ್ನ ಶಾಸ್ತ್ರದ ಮೊದಲ ಪಾಠ. ಯಾರೂ ಕೇಳಲಿಲ್ಲ.

"ನನ್ನ ಮದಿವ್ಯಾಗ ನನ್ನ ಯಾರರ ಕೇಳ್ರಿ" ಎಂದಳು ಜೂನ್. ಅವಳ ಮಾತನ್ನೂ ಯಾರೂ ಕೇಳಲಿಲ್ಲ.

ಉಪ್ಪು, ಮೆಣಸು, ಚಮಚ

ನನಗೆ ಫುಟ್‌ಬಾಲಿನ ಗಂಧವಿರಲಿಲ್ಲ. ವಾರವಿಡೀ ಸಂಜೆ ಕೀತ್ ಅದೇ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಕಪ್ಪುಗಳನ್ನು ಜೋಡಿಸಿ ನಿಯಮ ಹೇಳಿಕೊಟ್ಟ. ಒಳ್ಳೆಯ ಮಾಸ್ತರ. ಆಫ್‌ಸೈಡ್ ಎಂಬುದನ್ನು ಮಾತ್ರ ಮೂರು ದಿನ ತಿಳಿಸಬೇಕಾಯಿತು: ಚೆಂಡು ಬರುವ ಮೊದಲೇ ಎದುರಾಳಿಯ ಮನೆ ಬಾಗಿಲಲ್ಲಿ ಹೋಗಿ ಕಾಯುತ್ತ ನಿಲ್ಲಬಾರದು. "ಆಮಂತ್ರಣ ಬರೂಕಿಂತ ಮೊದಲ ಪಂಗತಿಯಾಗ ಕುಂತಂಗ" ಎಂದು ನಾನು ನನಗೇ ಕನ್ನಡದಲ್ಲಿ ಹೇಳಿಕೊಂಡೆ, ತಿಳಿಯಿತು. ಹಾಗೆ ನಿಂತರೆ ಗೆರೆಯ ಪಕ್ಕದ ಸಹಾಯಕ ಬಾವುಟವನ್ನು ನೆಟ್ಟಗೆ ಮೇಲಕ್ಕೆತ್ತುತ್ತಾನೆ. ಕೀತ್ ಚಮಚಕ್ಕೆ ಕರವಸ್ತ್ರ ಕಟ್ಟಿ ಎತ್ತಿ ತೋರಿಸಿದ.

ಎಡ್ನಾ ಅವನಿಗೆ ಚಹಾ ಕೊಡಲು ಬಂದಳು. ಅವನು ಕುಡಿದ. ಅವಳು ನನಗೆ ಹೇಳಿದಳು: "ಇಲ್ಲಿ ಅಷ್ಟ ಕುಡೀತಾನ. ಆಟಕ್ಕ ಹೋದಲ್ಲಿ ಯಾರ ಕೈಯಾಗಿನ ಚಾನೂ ಒಲ್ಲ. ಥರ್ಮಾಸು ಹೊತಗೊಂಡು ಹೋಗ್ತಾನ, ಹುಚ್ಚ."

ನನಗೆ ಅಪ್ಪ ನೆನಪಾದರು. ಅಪ್ಪ ಕುಸ್ತಿಗೆ ಪಂಚರಾಗಿ ತಾಳಿಕೋಟೆ, ಮುದ್ದೇಬಿಹಾಳದ ಕಡೆಯೆಲ್ಲ ಹೋಗುವವರು. ಹೋಗುವಾಗ ಮನೆಯ ಬಾವಿಯ ನೀರು ತುಂಬಿದ ತಂಬಿಗೆ, ಅರಿವೆಯಲ್ಲಿ ಕಟ್ಟಿದ ರೊಟ್ಟಿ. ಆಡುವ ಎರಡೂ ಊರಿನ ನೀರು ಮುಟ್ಟುವವರಲ್ಲ. "ಹೊಟ್ಟಿಗೆ ಹೋದ ನೀರು ಕಣ್ಣಿಗೆ ಬರ್ತೈತಿ" ಎನ್ನುತ್ತಿದ್ದರು. ಇದನ್ನು ಕೀತನಿಗೆ ಹೇಳೋಣವೆನಿಸಿತು. ಆದರೆ ನಾನು ಮನೆಯ ವಿಷಯ ಬೇಗ ಹೊರಗೆ ಹೇಳುವವಳಲ್ಲ.

ಶನಿವಾರ, ಮೈದಾನ

ಅಕ್ಕನನ್ನೂ ಕೂಸನ್ನೂ ಮಾಮಾಗೆ ಒಪ್ಪಿಸಿ, ಸೀರೆಯ ಮೇಲೆ ಎಡ್ನಾಳ ಕೋಟು, ಕೋಟಿನ ಮೇಲೆ ತಂಡದ ಕೆಂಪು ಉಣ್ಣೆಯ ಮಫ್ಲರು ಸುತ್ತಿಕೊಂಡು ಹೋದೆ. ಮಫ್ಲರು ಫ್ರ್ಯಾಂಕನದು. ಚಳಿ ಎಂದು ಅವನೇ ಸುತ್ತಿದ. ಚಳಿ ನಿಜವಾಗಿಯೂ ಇತ್ತು.

ಅಲ್ಲಿ ಜನ ಕೂರುವುದಿಲ್ಲ, ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ನಿಲ್ಲುತ್ತಾರೆ. ನನ್ನ ಎಡಕ್ಕೆ ಫ್ರ್ಯಾಂಕ್, ಬಲಕ್ಕೆ ಕೀತ್. ಇಬ್ಬರ ನಡುವೆ ಮಾತಾದರೆ ಅದು ನನ್ನ ಮುಖಾಂತರ. ಯಾರೋ ನನ್ನ ಕೈಗೆ ಬಿಸಿಬಿಸಿ ಲೋಟ ಕೊಟ್ಟರು. ತುಟಿಗೆ ತರುವಷ್ಟರಲ್ಲಿ ಕೀತ್, "ಅದು ದನದ ಸಾರು" ಎಂದ. ಬೀಳಿಸಲಿಲ್ಲ. ಅರ್ಧ ತಾಸು ಅದರಿಂದ ಕೈ ಕಾಯಿಸಿಕೊಂಡು ಕೊಟ್ಟವನಿಗೇ ತಿರುಗಿ ಕೊಟ್ಟೆ. ಬಸವಣ್ಣ ಹುಟ್ಟಿದ ತಾಲೂಕಿನವಳು ಇಷ್ಟಕ್ಕಿಂತ ಹೆಚ್ಚು ಮಾಡಲಾರಳು.

ಆಟ ಸುರುವಾದ ಮೇಲೆ ಎಲ್ಲರೂ ನೋಡಿದ್ದು ಚೆಂಡನ್ನಲ್ಲ, ರೆಫ್ರಿಯನ್ನು.

"ಏ ಕುರುಡಾ! ಕನ್ನಡಕ ಕೊಡಸ್ಲೇನು?"

"ಅವನಪ್ಪಗೂ ಕಣ್ಣಿರಲಿಲ್ಲ, ಅದಕ್ಕ ಅವರವ್ವನ್ನ ಮಾಡಕೊಂಡಾನ!"

"ಯವ್ವಾ, ಕಿವಿ ಮುಚಗೋ" ಎಂದ ಫ್ರ್ಯಾಂಕ್ ನನಗೆ, ಮತ್ತು ಅದಕ್ಕಿಂತ ಕೆಟ್ಟದ್ದನ್ನು ತಾನೇ ಕೂಗಿದ. ಕಿವಿ ಮುಚ್ಚಿಕೊಳ್ಳಲು ನನಗೆ ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ನೋಟುಬುಕ್ಕು, ಇನ್ನೊಂದರಲ್ಲಿ ಪೆನ್ಸಿಲು. ಹಿಂದಿನ ಸಂಜೆಯೇ ಎರಡು ಕಾಲಮ್ಮು ಗೆರೆ ಹೊಡೆದು ತಲೆಬರಹ ಬರೆದಿದ್ದೆ, ಎಲ್ಲ ಕನ್ನಡದಲ್ಲಿ. ನನ್ನ ಸ್ವಂತದ್ದನ್ನೆಲ್ಲ ನಾನು ಕನ್ನಡದಲ್ಲಿಯೇ ಬರೆಯುವುದು; ಅಲ್ಲಿ ಇನ್ನೊಬ್ಬರು ಓದಲಾರರು ಎಂಬ ನೆಮ್ಮದಿಯೂ ಇತ್ತು. ಸೀಟಿ ಯಾರ ವಿರುದ್ಧ ಊದಿದ್ದು ಎಂಬುದಕ್ಕೆ ಒಂದು ಗೆರೆ. ಊದಬೇಕಾಗಿದ್ದು ಊದದೇ ಬಿಟ್ಟಿದ್ದಕ್ಕೆ ಒಂದು ಸೊನ್ನೆ.

ಊರ ತಂಡ ಮೂರು ಗೋಲು ಹೊಡೆದು, ಒಂದು ಹೊಡೆಸಿಕೊಂಡು ಗೆದ್ದಿತು. ಹಿಂದಿರುಗುವ ದಾರಿಯುದ್ದಕ್ಕೂ ಜನ ರೆಫ್ರಿಯನ್ನು ಬೈಯುತ್ತಲೇ ಬಂದರು.

ಭಾನುವಾರ, ಮತ್ತೆ ಚಹಾ

ನಾನು ರಾತ್ರಿಯೇ ಕೂಡಿಸಿ ನೋಡಿದ್ದೆ. ನೋಡಿ, ಮತ್ತೊಮ್ಮೆ ಕೂಡಿಸಿದ್ದೆ.

"ಊದಿದ ಸೀಟಿ ಎರಡೂ ಕಡೆಗೆ ಹೆಚ್ಚು ಕಡಿಮೆ ಸಮ" ಎಂದೆ ಮೇಜಿನಲ್ಲಿ. ಕೀತನ ಹೆಗಲು ಸಡಿಲಾಯಿತು. "ಆದರೆ ಊದದೇ ಬಿಟ್ಟದ್ದರಲ್ಲಿ, ಈ ಊರ ತಂಡಕ್ಕೆ ಅನ್ಯಾಯವಾದದ್ದು ಒಂಬತ್ತು ಸಲ. ಎದುರಿನವರಿಗೆ ಎರಡು ಸಲ."

ಫ್ರ್ಯಾಂಕ್ ಮೇಜು ಗುದ್ದಿದ. ಉಪ್ಪಿನ ಡಬ್ಬಿ ಬಿತ್ತು. "ಒಂಬತ್ತು! ನಾನು ಬರಕೊಂಡದ್ದು ಏಳ ಇದ್ದೂವು! ಕಾಲೇಜು ಕಲ್ತಾಕಿ ಹೇಳಾಕತ್ತಾಳ, ಕೇಳು!"

ಕೀತ್ ಕಿಸೆಯಿಂದ ಸೀಟಿ ತೆಗೆದು ಮೇಜಿನ ಮೇಲೆ ಇಟ್ಟ. ಹಿತ್ತಾಳೆಯದು, ಹಲ್ಲು ತಾಗಿ ತಾಗಿ ಒಂದು ಕಡೆ ಸವೆದಿತ್ತು. ಜೂನ್ ಅದನ್ನು ನೋಡಿ, ನನ್ನನ್ನು ನೋಡಿದಳು. ಅವಳಿಗೆ ಬೇಕಾದದ್ದು ಸಿಕ್ಕಿರಲಿಲ್ಲ. ಸೀಟಿ ಕಸಿದುಕೊಂಡ ಮಾವನ ಮನೆಗೆ ಯಾವ ಅಳಿಯ ನಗುತ್ತ ಬರುತ್ತಾನೆ?

ಗೆದ್ದ ಹುರುಪಿನಲ್ಲಿ ಫ್ರ್ಯಾಂಕ್ ನನ್ನ ನೋಟುಬುಕ್ಕನ್ನು ಹತ್ತಿರ ಎಳೆದುಕೊಂಡ. ನಮ್ಮ ಗುಂಡು ಗುಂಡಾದ ಅಕ್ಷರಗಳನ್ನು ಬೆರಳಿನಿಂದ ಸವರಿದ.

"ಚಂದ ಅದಾವ. ಇಲ್ಲಿ ಮ್ಯಾಲ ಏನ್ ಬರದಿ ಯವ್ವಾ? ನಮ್ಮ ತಂಡದ ಹೆಸರೇನು?"

ನಾನೂ ಆಗಲೇ ಅದನ್ನು ಮೊದಲ ಸಲ ಓದಿದ್ದು. ಬರೆದದ್ದು ಬೇರೆ, ಓದಿದ್ದು ಬೇರೆ.

ತಂಡದ ಹೆಸರು ಎಂದುಬಿಡಬಹುದಿತ್ತು. ಆ ಊರಿನಲ್ಲಿ ನನ್ನನ್ನು ಬಿಟ್ಟರೆ ಅದನ್ನು ಓದಬಲ್ಲವರು ಇಬ್ಬರೇ, ಇಬ್ಬರೂ ಮಹಡಿಯ ಮೇಲೆ ಕೂಸಿನ ಜೊತೆ ಮಲಗಿದ್ದರು.

"ಹೆಸರಲ್ಲ" ಎಂದೆ. "ಈ ಕಡೆ 'ನಮ್ಮವರು' ಅಂತ ಬರೆದಿದ್ದೇನೆ. ಆ ಕಡೆ 'ಅವರು'."

ಎಡ್ನಾ ನಗಲು ಸುರುಮಾಡಿದಳು. ನಕ್ಕು ನಕ್ಕು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಮತ್ತ! ನನ್ನ ಕೈಯಾಗ ಎಷ್ಟ ಸಲ ಉಂಡಾಳ!"

ಅವತ್ತು ನಾನು ಎಂದೂ ಮಾಡದ ಕೆಲಸ ಮಾಡಿದೆ. ಅಪ್ಪನ ವಿಷಯ ಹೇಳಿದೆ: ಕುಸ್ತಿ, ತಂಬಿಗೆ, ರೊಟ್ಟಿಯ ಗಂಟು. ಹೊಟ್ಟೆಗೆ ಹೋದ ನೀರು ಕಣ್ಣಿಗೆ ಬರುತ್ತದೆ ಎಂಬ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಎರಡು ಸಲ ಪ್ರಯತ್ನಿಸಿದೆ. "ಆರು ವಾರದಿಂದ ನಾನು ನಿಮ್ಮ ಅನ್ನ ಉಣ್ಣುತ್ತಿದ್ದೇನೆ. ನಿಮ್ಮ ಮಫ್ಲರು ಸುತ್ತಿಕೊಂಡು ಹೋಗಿದ್ದೆ. ಈ ಒಂಬತ್ತರಲ್ಲಿ ಎಷ್ಟು ಕಣ್ಣಿನವು, ಎಷ್ಟು ಆಲೂಗಡ್ಡೆಯವು, ನನಗೆ ಗೊತ್ತಿಲ್ಲ. ಈ ಲೆಕ್ಕ ನಡೆಯುವುದಿಲ್ಲ."

ಕೀತ್ ನಿಧಾನವಾಗಿ ತನ್ನ ಚೀಲದೊಳಗಿನ ಥರ್ಮಾಸಿನ ಕಡೆ ನೋಡಿದ. ಫ್ರ್ಯಾಂಕನೂ ನೋಡಿದ. ಎದ್ದು ಹೋಗಿ ಬೀರುವಿನಿಂದ ತನ್ನ ನೋಟುಬುಕ್ಕು ತಂದ. ಮೊದಲ ಪುಟ ತೆರೆದ. ಅಲ್ಲಿಯೂ ಎರಡು ಕಾಲಮ್ಮು, ಮೇಲೆ ಇಂಗ್ಲಿಷಿನಲ್ಲಿ ಅದೇ ಎರಡು ಮಾತು. ನಡುವಿನದೊಂದು ಪುಟ ತೆರೆದ. ಅಲ್ಲಿಯೂ ಅದೇ. ಬಹಳ ಹೊತ್ತು ನೋಡಿ ಮುಚ್ಚಿದ.

"ಆರ ವಾರದಾಗ ಇಕಿ ಕಣ್ಣ ಇಷ್ಟ ಕೆಟ್ಟಾವ" ಎಂದ. "ನಂದು ಮೂವತ್ತು ವರ್ಷ."

ಸೀಟಿಯನ್ನು ಒಂದು ಬೆರಳಿನಿಂದ ಕೀತನ ಕಡೆ ದೂಡಿದ. "ಕಿಸೇದಾಗ ಇಟಗೋ. ಮನ್ಯಾಗ ಊದಬ್ಯಾಡ."

"ಊದಾಂಗಿಲ್ರಿ."

"ಮತ್ತ ಆ ಪೆನಾಲ್ಟಿ, ಪೆನಾಲ್ಟಿ ಅಲ್ಲ."

ಕೀತ್ ಸೀಟಿಯನ್ನು ಕಿಸೆಯಲ್ಲಿಟ್ಟುಕೊಂಡು, ಗುಂಡಿ ಹಾಕಿಕೊಂಡು, ಜೂನಳ ಕಡೆ ಒಮ್ಮೆ ನೋಡಿ ಹೇಳಿದ: "ಪೆನಾಲ್ಟಿನ ರೀ."

ಫ್ರ್ಯಾಂಕ್ ಎದ್ದು ಹಿತ್ತಿಲಿಗೆ ಹೋಗಲಿಲ್ಲ. "ಆಲೂಗಡ್ಡಿ ಕೊಡು" ಎಂದ ಅವನಿಗೆ. ಇಷ್ಟು ದಿನಗಳಲ್ಲಿ ಅವನು ಅಳಿಯನಿಗೆ ಊಟಕ್ಕೆ ಸಂಬಂಧಿಸಿ ಆಡಿದ ಮೊದಲ ಮಾತು ಅದು.

ಚರ್ಚಿನಲ್ಲಿ

ಆಮೇಲಿನ ದಿನಗಳಲ್ಲಿ ಫ್ರ್ಯಾಂಕ್ ಮೆಟ್ಟಿಲ ಬಳಿ ನನ್ನನ್ನು ಕಂಡಾಗಲೆಲ್ಲ ಟೋಪಿ ಎತ್ತಿ, "ನಮಾವರೂ!" ಎನ್ನುತ್ತಿದ್ದ. ಅದು ನಮ್ಮಲ್ಲಿ ನಮಸ್ಕಾರದ ಮಾತಲ್ಲ ಎಂದು ನಾನು ತಿದ್ದಲಿಲ್ಲ. ಇತ್ತ ಎಡ್ನಾ ಅಂಟಿನುಂಡಿಯ ರುಚಿ ಹತ್ತಿಸಿಕೊಂಡಿದ್ದಳು. ಅವಳ ಕಟ್ಟಿಸಿದ ಹಲ್ಲುಗಳು ಎರಡು ಸಲ ಅದರಲ್ಲಿ ಸಿಕ್ಕಿಕೊಂಡವು.

ಮದುವೆಯ ದಿನ ಇಳಕಲ್ಲ ಸೀರೆ ಉಟ್ಟು ಹೋದೆ. ಚರ್ಚಿನ ಬಾಗಿಲಲ್ಲಿ ಸೂಟು ಹಾಕಿದ ಒಬ್ಬ ಗಂಡಸು ಪ್ರತಿಯೊಬ್ಬರನ್ನೂ ತಡೆದು ಒಂದೇ ಪ್ರಶ್ನೆ ಕೇಳುತ್ತಿದ್ದ. ನನ್ನನ್ನೂ ಕೇಳಿದ: "ಹೆಣ್ಣಿನ ಕಡ್ಯಾವರೋ, ಗಂಡಿನ ಕಡ್ಯಾವರೋ?"

ಅವರಲ್ಲಿ ಬೀಗರು ಬೇರೆ ಬೇರೆ ಕೂರುತ್ತಾರೆ: ಎಡಗಡೆಯ ಬೆಂಚುಗಳು ಹೆಣ್ಣಿನವರಿಗೆ, ಬಲಗಡೆಯವು ಗಂಡಿನವರಿಗೆ. ಎಡಗಡೆ ಕಾಲಿಡಲು ಜಾಗವಿರಲಿಲ್ಲ; ಮೈದಾನದಲ್ಲಿ ನೋಡಿದ ಮುಖಗಳೆಲ್ಲ ಅಲ್ಲಿದ್ದವು, ಮೈ ತೊಳೆದುಕೊಂಡು. ಬಲಗಡೆ ಕೀತನ ತಾಯಿ, ಒಬ್ಬ ಚಿಕ್ಕಪ್ಪ, ಶಾಲೆಯ ನಾಲ್ಕು ಜನ ಮಾಸ್ತರರು. ಉಳಿದದ್ದು ಬರಿಯ ಮರ. ಪಂಚನಾದವನಿಗೆ ಗೆಳೆಯರು ಕಡಿಮೆ ಎಂಬುದು ನನಗೆ ಮನೆಯಿಂದಲೇ ಗೊತ್ತು. ಕುಸ್ತಿಯಿಂದ ಅಪ್ಪ ಹಿಂದಿರುಗುವಾಗ ಒಬ್ಬರೇ ನಡೆದು ಬರುತ್ತಿದ್ದರು.

ನಾನು ಹೆಣ್ಣಿನ ಕಡೆಯವಳು. ಉಂಡ ಅನ್ನ ಹಾಗೆ ಹೇಳುತ್ತಿತ್ತು. ಬಲಗಡೆ ಹೋಗಿ ಕೀತನ ತಾಯಿಯ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತೆ.

ವಾದ್ಯ ಸುರುವಾಯಿತು. ಎಲ್ಲರೂ ಎದ್ದು ಹಿಂದಿರುಗಿ ನೋಡಿದರು. ಬಾಗಿಲಿನಿಂದ ಫ್ರ್ಯಾಂಕ್ ಬಂದ, ತೋಳಿನಲ್ಲಿ ಮಗಳು, ಕೊರಳಿನ ಕಾಲರು ಬಿಗಿಯಾಗಿ ಮುಖ ಕೆಂಪು. ಹೆಜ್ಜೆ ಎಣಿಸಿಕೊಂಡು ಬರುತ್ತಿದ್ದವನು ನನ್ನ ಬೆಂಚಿನ ಹತ್ತಿರ ಬಂದಾಗ ಕಣ್ಣು ಹೊರಳಿಸಿ ನನ್ನನ್ನು ನೋಡಿದ. ನಿಂತ. ಜೂನಳ ತೋಳನ್ನು ಬಿಡದೆ, ಖಾಲಿ ಇದ್ದ ಇನ್ನೊಂದು ಕೈಯನ್ನು ನೆಟ್ಟಗೆ ತಲೆಯ ಮೇಲಕ್ಕೆತ್ತಿದ.

ಆಫ್‌ಸೈಡ್.

ಎಡಗಡೆಯ ಬೆಂಚುಗಳಿಗೆ ಬೇಗ ತಿಳಿಯಿತು. ನಗು ಅಲ್ಲಿಂದ ಎದ್ದು ಪಾದ್ರಿಯವರೆಗೆ ಹೋಯಿತು. ಜೂನಳ ಮುಸುಕು ಅಲುಗುತ್ತಿತ್ತು. ಮುಂದೆ ಕಾಯುತ್ತ ನಿಂತಿದ್ದ ಕೀತ್ ತಿರುಗಿ ನೋಡಿದ. ಮಾವನ ಎತ್ತಿದ ಕೈ ನೋಡಿದ, ನನ್ನನ್ನು ನೋಡಿದ, ನಮ್ಮ ನಡುವಿನ ದೂರವನ್ನು ಕಣ್ಣಿನಿಂದಲೇ ಅಳೆದ. ಆಮೇಲೆ, ವೃತ್ತಿಯ ಗಾಂಭೀರ್ಯದಿಂದ, ಇಲ್ಲವೆಂದು ತಲೆ ಅಲ್ಲಾಡಿಸಿದ.

ನಾನು ಏಳಲಿಲ್ಲ. ಫ್ರ್ಯಾಂಕ್ ಕೈ ಇಳಿಸಿ, "ಕುರುಡ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿ, ಮಗಳನ್ನು ಕರೆದುಕೊಂಡು ಹೋಗಿ ಅವನಿಗೆ ಒಪ್ಪಿಸಿದ.